ಪಟೇಲರ ಬಾಗಿಲಿಗೆ ಬೇವಿನ ಸೊಪ್ಪು

ಜನವರಿ ೩, ೧೯೨೨, ಮಂಗಳವಾರ. ಅಕ್ಕೂರು

ಇಂದು ಮೂವತ್ತೊಂದು ತೋಳು. ಎರಡು ಕಡಿತ, ಒಂದು ಒದೆ. ಹದಿಮೂರು ವರ್ಷದಿಂದ ಚನ್ನಪಟ್ಟಣ ತಾಲ್ಲೂಕಿನ ಹಳ್ಳಿಹಳ್ಳಿ ಸುತ್ತಿ ಮಕ್ಕಳಿಗೆ ಸಿಡುಬಿನ ಲಸಿಕೆ ಹಾಕುತ್ತಿದ್ದೇನೆ. ಸರ್ಕಾರ ನನಗೆ ಸಂಬಳ ಕೊಡುವುದು ಲಸಿಕೆ ಹಾಕುವುದಕ್ಕಲ್ಲ, ಕಚ್ಚಿಸಿಕೊಳ್ಳುವುದಕ್ಕೆ ಎಂದು ಈಚೆಗೆ ಗಟ್ಟಿಯಾಗಿ ಅನ್ನಿಸುತ್ತಿದೆ. ನನ್ನ ಸೈಕಲ್ಲಿನ ಗಂಟೆ ಕೇಳಿದರೆ ಸಾಕು, "ದೇವಿ ಹಾಕೋನು ಬಂದ ಕಣ್ರೋ!" ಎಂದು ಕೂಗು ಹಬ್ಬಿ, ಮಕ್ಕಳೆಲ್ಲ ಹುಲ್ಲಿನ ಬಣವೆ ಸೇರಿಕೊಳ್ಳುತ್ತವೆ. ಅವನ್ನು ಎಳೆದು ತರುವ ತಾಯಂದಿರು ದಾರಿಯುದ್ದಕ್ಕೂ ಬಯ್ಯುವುದು ನನ್ನನ್ನೇ.

ಆದರೂ ಅಕ್ಕೂರೆಂದರೆ ನನಗೆ ಬೇಸರವಿಲ್ಲ. ಪಟೇಲ ಬೈರಪ್ಪನವರ ಮನೆಯ ಊಟವೇ ಅದಕ್ಕೆ ಕಾರಣ. ಹೊಸ ಅವರೆಕಾಳಿನ ಸಾರು, ಬಿಸಿ ಮುದ್ದೆ, ಮೇಲೆ ತುಪ್ಪ. ಪಟೇಲರು ನಕ್ಕರೆ ಇಡೀ ಜಗುಲಿ ನಗುತ್ತದೆ. "ಉಣ್ಣಿ ಮರಿಯಪ್ಪನೋರೆ, ಮಕ್ಕಳ ಕೈಲಿ ಕಚ್ಚುಸ್ಕಂಡು ಒಸಿ ಬಡವಾಗಿದೀರಿ" ಎಂದು ಮೂರನೆಯ ಮುದ್ದೆ ಹಾಕಿಸಿದರು. ನಾನೂ ಬೇಡವೆನ್ನಲಿಲ್ಲ.

ಮೂವತ್ತೊಂದನೆಯ ತೋಳು ಅವರ ಮನೆಯದೇ. ಪಟೇಲರ ತಮ್ಮನ ಮಗಳು. ಅಪ್ಪ ಅಮ್ಮ ಇಬ್ಬರೂ ಇನ್‌ಫ್ಲುಯೆಂಜಾ ಬಂದ ವರ್ಷ ತೀರಿಕೊಂಡರಂತೆ. ಎಂಟು ವರ್ಷವಾದರೂ ಐದರ ಮೈ. ಪಟ್ಟಿಯಲ್ಲಿ ಹೆಸರು ಚಿಕ್ಕಲಕ್ಷ್ಮಮ್ಮ. ಇಷ್ಟು ಪುಟ್ಟ ಹುಡುಗಿಗೆ ಅಷ್ಟುದ್ದದ ಹೆಸರು. ಈ ಹುಡುಗಿ ಅಳಲಿಲ್ಲ! ನಾನು ಹೇಳುವ ಮೊದಲೇ ತೋಳು ಚಾಚಿ, ಕಣ್ಣು ಮುಚ್ಚಿ ನಿಂತಳು. ಗೀರಿದಾಗ ತುಟಿಯೂ ಅಲುಗಲಿಲ್ಲ. "ಇವಳನ್ನ ನೋಡಿ ಕಲೀರಿ" ಎಂದು ಉಳಿದ ಮಕ್ಕಳಿಗೆ ಉಪದೇಶ ಮಾಡಿದೆ. ತೋಳಿನ ಹಿಂದೆ ಮೂರು ಸುಟ್ಟ ಗೆರೆಗಳಿದ್ದವು. ಕೇಳಿದೆ. "ಜಂತಿನ ಕಾಟಕ್ಕೆ ಬರೆ ಹಾಕ್ಸಿದ್ವಿ" ಎಂದರು ಪಟೇಲರು. ಬರೆ ಇಲ್ಲದ ಮಗು ಯಾವ ಹಳ್ಳಿಯಲ್ಲಿದೆ? ಎಲೆ ಅಡಿಕೆ ಹಾಕಿಕೊಂಡು ಹೊರಟೆ.

ಜನವರಿ ೫, ಗುರುವಾರ

ಇಪ್ಪತ್ತೆರಡು ತೋಳು. ಮನಸ್ಸು ಸರಿಯಿಲ್ಲ.

ಇವತ್ತು ಪಕ್ಕದ ಹಳ್ಳಿಯಲ್ಲಿ ಒಬ್ಬಳು ತಾಯಿ ತನ್ನ ಮಗುವಿನ ಹೊಟ್ಟೆಯ ಮೇಲಿನ ಬರೆ ತೋರಿಸಿದಳು. ನಾಲ್ಕು ಗೆರೆ, ಒಂದರ ಪಕ್ಕ ಒಂದು, ನಾಲ್ಕೂ ಒಂದೇ ವಯಸ್ಸಿನವು. ಬರೆ ಎಂದರೆ ಅದು. ಒಂದೇ ದಿನ, ಒಂದೇ ಸಲ, ಹೊಟ್ಟೆಯ ಮೇಲೆ.

ಗಾಯ ನೋಡಿ ತಾರೀಖು ಹೇಳುವುದು ನನ್ನ ಕಸುಬು. ಲಸಿಕೆ ಹಾಕಿದ ಮೂರನೆಯ ದಿನ ಕೆಂಪು, ಎಂಟಕ್ಕೆ ತುಂಬಿದ ಗುಳ್ಳೆ, ಎರಡನೆಯ ವಾರ ಹಕ್ಕಳೆ, ಮೂರನೆಯ ವಾರ ಅದು ಉದುರಿ ಕಲೆ. ಇಷ್ಟು ತಿಳಿದವನು ಅಕ್ಕೂರಿನ ಆ ತೋಳನ್ನು ನೋಡಿಯೂ ನೋಡದೆ ಬಂದೆನಲ್ಲ! ಒಂದು ಗೆರೆ ಬಿಳಿಯ ಕಲೆ, ಒಂದು ಒಣ ಹಕ್ಕಳೆ, ಒಂದು ಇನ್ನೂ ಹಸಿ. ಮೂರು ಗೆರೆಗೆ ಮೂರು ತಾರೀಖು. ಅದೂ ತೋಳಿನ ಹಿಂಭಾಗದಲ್ಲಿ. ಜಂತು ಅಲ್ಲಿರುತ್ತದೆಯೇ?

ನಾನು ಮೂರನೆಯ ಮುದ್ದೆ ಮುರಿಯುವಾಗ ಆ ಹುಡುಗಿ ಬಾಗಿಲ ಹಿಂದೆ ನಿಂತು ನನ್ನ ತಟ್ಟೆಯನ್ನೇ ನೋಡುತ್ತಿದ್ದಳು. ಅದು ಈಗ ನೆನಪಾಗುತ್ತಿದೆ. ನಾಚಿಕೆಯಾಗುತ್ತದೆ.

ಜನವರಿ ೬, ಶುಕ್ರವಾರ

ಬರೆದುಬಿಟ್ಟೆ! ಅಕ್ಕೂರಿನ ಪಟ್ಟಿಯಲ್ಲಿ ಹೆಸರು, ವಯಸ್ಸು, ಜಾತಿ, ಎಡ ತೋಳು ಬಲ ತೋಳು ಎಂದು ಹನ್ನೊಂದು ಕಾಲಂ ಇವೆ. ಮಗು ಸುಖವಾಗಿದೆಯೇ ಎಂಬ ಕಾಲಂ ಇಲ್ಲ. ಕೊನೆಗೆ ಷರಾ ಎಂಬಲ್ಲಿ ಸಣ್ಣ ಅಕ್ಷರದಲ್ಲಿ, "ಈ ಮಗುವಿನ ಬಲ ತೋಳಿನಲ್ಲಿ ಬೇರೆ ಬೇರೆ ದಿನ ಸುಟ್ಟ ಮೂರು ಗಾಯ. ಹೊಟ್ಟೆಗಿಲ್ಲದಂತೆ ಕಾಣುತ್ತದೆ. ವಿಚಾರಣೆ ಆಗಬೇಕು" ಎಂದು ಬರೆದೆ. ಅಕ್ಷರ ಸೊಗಸಾಗಿ ಬಂದಿದೆ. ಊರಿನ ಓಲೆ ಕಾಗದ ಹೊರುವ ಅಕ್ಕೂರಿನ ತೋಟಿ ದೊಡ್ಡಮುನಿಯಪ್ಪ ಸಿಕ್ಕಿದ್ದ. ಪಟ್ಟಿಯನ್ನು ಎಂದಿನಂತೆ ಅವನ ಕೈಲಿ ಕೊಟ್ಟು ಕಳಿಸಿದೆ. ಎದೆ ಹಗುರವಾಯಿತು. ಎರಡು ವಡೆ ತಿಂದೆ.

ಜನವರಿ ೮, ಭಾನುವಾರ. ಚನ್ನಪಟ್ಟಣ, ಮನೆ

ನಾನೊಬ್ಬ ಶತಮೂರ್ಖ.

ಬೆಳಿಗ್ಗೆ ನಾಗಲಕ್ಷ್ಮಿ ರೊಟ್ಟಿ ತಟ್ಟುತ್ತಿದ್ದಾಗ ನನ್ನ ಸಾಹಸವನ್ನು ಹೇಳಿಕೊಂಡೆ. ಮೂವರು ಹೆಣ್ಣುಮಕ್ಕಳನ್ನು ಸಾಕಿ ಮದುವೆ ಮಾಡಿದವಳು, ಹೊಗಳುತ್ತಾಳೆಂದು ಕಾದೆ. ಅವಳು ಕೈ ನಿಲ್ಲಿಸಿ ಕೇಳಿದಳು: "ಏನೂಂದ್ರೆ, ಆ ಪಟ್ಟಿಗೆ ರುಜು ಹಾಕೋರು ಯಾರು?"

"ಊರಿನ ಪಟೇಲರು."

"ಅಕ್ಕೂರಿನ ಪಟೇಲ್ರು ಯಾರು?"

ನಾನು ರೊಟ್ಟಿ ಕೆಳಗಿಟ್ಟೆ. ಹದಿಮೂರು ವರ್ಷದಿಂದ ಪಟ್ಟಿ ಬರೆದು, ತೋಟಿಯ ಕೈಗೆ ಕೊಟ್ಟು, ಪಟೇಲರ ರುಜು ಹಾಕಿಸಿ ತರಿಸಿಕೊಂಡು ತಾಲ್ಲೂಕು ಕಚೇರಿಗೆ ಒಪ್ಪಿಸುವ ಕೈ ಇದು. ಈ ಸಲವೂ ಅದೇ ದಾರಿ ಹಿಡಿದಿದೆ. ಬೈರಪ್ಪನವರ ಮೇಲಿನ ದೂರನ್ನು ನಾನೇ ಬೈರಪ್ಪನವರ ಮನೆಗೆ ತಲುಪಿಸಿದ್ದೇನೆ. ನಾಗಲಕ್ಷ್ಮಿ ಮೊದಲು ತಲೆ ಚಚ್ಚಿಕೊಂಡಳು, ಆಮೇಲೆ ನಕ್ಕುಬಿಟ್ಟಳು, ಆಮೇಲೆ ಕಣ್ಣೊರೆಸಿಕೊಂಡಳು. "ಆ ಕೂಸಿಗೆ ಇನ್ನೇನು ಮಾಡಿದಾರೋ" ಎಂದಳು. ನನಗೆ ನಗು ಬರಲಿಲ್ಲ.

ಪಕ್ಕದ ಮನೆಯ ರೋಶನ್ ಬೀಯನ್ನು ಕರೆದಳು. ರೋಶನ್ ಬೀ ರೇಷ್ಮೆ ನೂಲು ತೆಗೆಯುವವಳು, ಗೂಡು ಕೊಳ್ಳಲು ಅಕ್ಕೂರಿಗೆ ಹೋಗಿ ಬರುತ್ತಾಳೆ. ಕೇಳಿದ ತಕ್ಷಣ, "ಚಿಕ್ಕಿ ತಾನೆ ಮರಿಯಪ್ಪಣ್ಣ? ಯಾ ಅಲ್ಲಾ, ಆ ಮಗು ಪಟೇಲರ ರೇಷ್ಮೆ ಹುಳುಮನೆಯಾಗೇ ಮಲಗ್ತದೆ. ಹಗಲೂ ರಾತ್ರಿ ಸೊಪ್ಪು ಹಾಕೋದು ಅದೇ" ಎಂದಳು. ಇನ್ನೊಂದು ಸಂಗತಿಯೂ ತಿಳಿಯಿತು. ಹುಡುಗಿಯ ತಾಯಿಯ ತಾಯಿ ಬೋರಮ್ಮ ಮಾಗಡಿಯಲ್ಲಿದ್ದಾಳೆ. ಮೊಮ್ಮಗಳನ್ನು ನೋಡಲು ಎರಡು ಸಲ ಬಂದವಳನ್ನು "ಕೂಸು ಸುಖವಾಗೈತೆ, ನೀನು ಬಂದ್ರೆ ಅಳ್ತದೆ" ಎಂದು ಬಾಗಿಲಿನಿಂದಲೇ ಕಳಿಸಿದ್ದಾರೆ. ರೋಶನ್ ಬೀಯ ಗಂಡ ಹುಸೇನ್ ಸಾಹೇಬರು ನಾಳೆ ಮಾಗಡಿಗೆ ಹೋಗುತ್ತಾರೆ. ಅಜ್ಜಿಗೆ ಸುದ್ದಿ ಮುಟ್ಟಿಸುತ್ತಾರಂತೆ.

"ಮಂಗಳವಾರ ಎಂಟನೇ ದಿನ. ತೋಳು ನೋಡೋಕೆ ನೀವು ಹೋಗ್ಲೇಬೇಕಲ್ಲ. ಬಿಡಬೇಡಿ" ಎಂದಳು ನಾಗಲಕ್ಷ್ಮಿ. ಹೋಗುತ್ತೇನೆ. ಪಟೇಲರ ಮುಖವನ್ನೂ ನೋಡಬೇಕಲ್ಲ. ಅವರು ಮನಸ್ಸು ಮಾಡಿದರೆ ಅಕ್ಕೂರಿನ ಸುತ್ತ ಹತ್ತು ಹಳ್ಳಿಯಲ್ಲಿ ಒಂದು ಮಗುವೂ ನನಗೆ ತೋಳು ಕೊಡದು.

ಜನವರಿ ೧೦, ಮಂಗಳವಾರ

ಖುಷಿಯೋ ಭಯವೋ ತಿಳಿಯದು. ಆದರೂ ಬರೆಯಬೇಕು.

ಅಕ್ಕೂರು ತಲುಪಿದಾಗ ಪಟೇಲರ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿತ್ತು. ಮನೆಯಲ್ಲಿ ಸಿಡುಬು, ಅಂದರೆ ಅಮ್ಮ ಬಂದಿದ್ದಾಳೆ, ಹೊರಗಿನವರು ಬರಕೂಡದು ಎಂದು ಅರ್ಥ. ಪಟೇಲರು ಜಗುಲಿಯಲ್ಲೇ ಅಡ್ಡ ನಿಂತರು. ಅವರ ಮುಖದಲ್ಲಿ ನಗುವಿರಲಿಲ್ಲ. "ನೀವು ಹಾಕಿದ್ದು ಕೂಸಿನ ಮೈಯೆಲ್ಲ ಎದ್ದುಬುಡ್ತು. ಅಮ್ಮ ಬಂದವ್ಳೆ. ಒಳೀಕೆ ಬರಂಗಿಲ್ಲ, ಹೊಂಟೋಗಿ."

ಅಭ್ಯಾಸಬಲ ನೋಡಿ. ಸಿಡುಬಿನ ಲಸಿಕೆ ಹಾಕುವ ಸರ್ಕಾರಿ ನೌಕರನಾದ ನಾನು ಆ ಬೇವಿಗೆ ಕೈಮುಗಿದು, ಕೆನ್ನೆ ಬಡಿದುಕೊಂಡು ಹಿಂದಕ್ಕೆ ತಿರುಗಿದೆ! ನನ್ನ ಕೈಯಿಂದಲೇ ಮಗುವಿಗೆ ಕೇಡಾಯಿತೇ ಎಂದುಕೊಂಡೆ. ಕೆರೆ ಏರಿಯವರೆಗೆ ಸೈಕಲ್ಲು ತಳ್ಳಿಕೊಂಡೇ ಬಂದೆ.

ಏರಿಯ ಮೇಲೆ ಥಟ್ಟನೆ ನಿಂತೆ. ಪಟೇಲರ ಜಗುಲಿಯಲ್ಲಿ ನಿಂತಾಗ ಒಳಗಿನಿಂದ ಒಂದು ವಾಸನೆ ಬಂದಿತ್ತು. ಸಾಸಿವೆ, ಇಂಗು, ಬೆಳ್ಳುಳ್ಳಿ. ಒಗ್ಗರಣೆ! ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ ಹಾಕುವ ಹೆಂಗಸು ಈ ಸೀಮೆಯಲ್ಲಿ ಹುಟ್ಟಿಲ್ಲ. ನನ್ನ ಮೂಗು ಬೇರೆ ಯಾವುದರಲ್ಲಾದರೂ ತಪ್ಪೀತು, ಅಡುಗೆಯಲ್ಲಿ ತಪ್ಪದು.

ಆಗ ಎರಡನೆಯದೂ ಹೊಳೆಯಿತು. ಸಿಡುಬು ಕಂಡರೆ ನಾನು ಪಟ್ಟಿ ಬರೆಯಬೇಕಿಲ್ಲ, ಯಾರ ರುಜುವೂ ಬೇಡ. ಅದೇ ದಿನ ನೇರವಾಗಿ ಆಸ್ಪತ್ರೆಗೂ ತಾಲ್ಲೂಕಿನ ಅಧಿಕಾರಿ ಅಮಲ್ದಾರರಿಗೂ ತಿಳಿಸಬೇಕು. ಹಾಗೆಂದು ಕಾಯಿದೆ. ನನ್ನನ್ನು ಹೊರಗಿಡಲು ಕಟ್ಟಿದ ಸೊಪ್ಪೇ ಸರ್ಕಾರವನ್ನು ಒಳಗೆ ಕರೆಯುತ್ತದೆ! ಸೈಕಲ್ಲು ಹತ್ತಿದವನು ಚನ್ನಪಟ್ಟಣದ ಆಸ್ಪತ್ರೆಯ ಮುಂದೆಯೇ ಇಳಿದದ್ದು.

ಡಾಕ್ಟರ್ ಮೆಹಬೂಬ್ ಸಾಹೇಬರು ನನ್ನ ರಿಪೋರ್ಟು ಓದಿ, "ಒಗ್ಗರಣೆಯ ವಿಷಯ ಹೊಡೆದುಹಾಕಿ ಮರಿಯಪ್ಪ, ಬೆಂಗಳೂರಿನಲ್ಲಿ ನಗ್ತಾರೆ" ಎಂದರು. ಆಮೇಲೆ ತೋಳಿನ ವಿಷಯ ಹೇಳಿದೆ. ಅವರು ಕನ್ನಡಕ ತೆಗೆದಿಟ್ಟು ಪೂರ್ತಿ ಕೇಳಿದರು. "ಸಿಡುಬಿನ ಮನೆಗೆ ಹೋಗೋದಕ್ಕೆ ನನಗೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ಬೆಳಿಗ್ಗೆ ಏಳಕ್ಕೆ ಸಿದ್ಧವಾಗಿರಿ."

ಜನವರಿ ೧೧, ಬುಧವಾರ

ಇಂಥ ದಿನ ನನ್ನ ನೌಕರಿಯಲ್ಲಿ ಬಂದಿರಲಿಲ್ಲ.

ಗಾಡಿಯಲ್ಲಿ ಡಾಕ್ಟರು, ಅವರ ಆಳು, ತಾಲ್ಲೂಕು ಕಚೇರಿಯಿಂದ ಕಂದಾಯದ ಶೇಕ್‌ದಾರರು, ಸೈಕಲ್ಲಿನಲ್ಲಿ ನಾನು. ಊರಿಗೆ ಊರೇ ಪಟೇಲರ ಮನೆಯ ಮುಂದೆ ಸೇರಿತು. ಡಾಕ್ಟರು ಬಹಳ ಮರ್ಯಾದೆಯಿಂದ ಮಾತು ತೆಗೆದರು. "ಪಟೇಲರೇ, ಮನೆಯಲ್ಲಿ ಸಿಡುಬಂತೆ. ಮನೆ ಖಾಲಿ ಮಾಡಿಸಬೇಕು. ಹಾಸಿಗೆ ಸುಡಿಸಬೇಕು. ಆಮೇಲೆ ಎಲ್ಲಾ ಕೋಣೆಗೂ ಗಂಧಕದ ಹೊಗೆ."

"ಎಲ್ಲಾ ಕೋಣೆಗೂವಾ?"

"ಒಂದನ್ನೂ ಬಿಡೋ ಹಾಗಿಲ್ಲ."

ಪಟೇಲರ ಮುಖ ನೋಡಬೇಕಿತ್ತು. ಹುಳುಮನೆಯಲ್ಲಿ ನಲವತ್ತು ತಟ್ಟೆ ರೇಷ್ಮೆಹುಳು. ಇನ್ನು ಎರಡು ದಿನಕ್ಕೆ ಹಣ್ಣಾಗಿ ಗೂಡು ಕಟ್ಟುವ ಹುಳು. ಬೀಡಿ ಹೊಗೆ ಸೋಕಿದರೂ ಸೊರಗುವ ಆ ಜೀವಗಳಿಗೆ ಗಂಧಕದ ಹೊಗೆ ಹಾಕಿದರೆ ಒಂದೂ ಉಳಿಯದು. ಡಾಕ್ಟರು ಆಳನ್ನು ಕರೆದು ಗಂಧಕದ ಡಬ್ಬ ಇಳಿಸಲು ಹೇಳಿದರು. ಡಬ್ಬದ ಮುಚ್ಚಳ ತೆಗೆಯುವಷ್ಟರಲ್ಲಿ ಪಟೇಲರು ಕೂಗಿಕೊಂಡರು: "ಬ್ಯಾಡಿ ಸ್ವಾಮಿ! ಅಮ್ಮ ಬಂದಿಲ್ಲ! ಯಾರಿಗೂ ಏನೂ ಬಂದಿಲ್ಲ!"

"ಮತ್ತೆ ಈ ಬೇವು?"

ಪಟೇಲರು ನನ್ನತ್ತ ನೋಡಿದರು. ಜನರಲ್ಲಿ ಯಾರೋ ಕಿಸಕ್ಕೆಂದರು. ಶೇಕ್‌ದಾರರು ದಪ್ಪ ಗಂಟಲಲ್ಲಿ, "ಮಗೂನ ಕರೆಸ್ರಿ" ಎಂದರು.

ಚಿಕ್ಕಿ ಹುಳುಮನೆಯಿಂದ ಬಂದಳು, ಕೈಯಲ್ಲಿ ಹಿಪ್ಪುನೇರಳೆ ಸೊಪ್ಪು ಹಿಡಿದೇ. ಅಷ್ಟೊಂದು ಜನರನ್ನು ಕಂಡು ಕಣ್ಣು ಮುಚ್ಚಿ ತೋಳು ಚಾಚಿದಳು. ನಾಲ್ಕನೆಯ ಗೆರೆ ಇತ್ತು. ನನ್ನ ಷರಾದ ನಂತರದ್ದು, ನೋಡಿದ ತಕ್ಷಣ ತಿಳಿಯಿತು. ಡಾಕ್ಟರು ಆ ತೋಳನ್ನು ಮುಟ್ಟಲಿಲ್ಲ. ಮಣ್ಣಿನಲ್ಲೇ ಮಂಡಿಯೂರಿ, "ಕಣ್ಣು ಬಿಡು ತಾಯಿ. ಯಾರೂ ಏನೂ ಮಾಡಲ್ಲ" ಎಂದರು. ಅವಳು ಕಣ್ಣು ಬಿಡುವವರೆಗೆ ಹಾಗೆಯೇ ಕಾದರು.

"ಸೊಪ್ಪು ಹಾಕೋವಾಗ ತೂಕಡಿಸ್ತಿತ್ತು. ಬುದ್ಧಿ ಕಲ್ಸಿದೆ. ನಮ್ಮನೆ ಕೂಸು, ನಿಮಗ್ಯಾಕೆ?" ಎಂದರು ಪಟೇಲರು. ಶೇಕ್‌ದಾರರು ಅದನ್ನು ಅಕ್ಷರ ಬಿಡದೆ ಬರೆದುಕೊಂಡರು. ಸಾಕ್ಷಿ ಯಾರು ಎಂದು ಕೇಳಿದರು. ತೋಟಿ ದೊಡ್ಡಮುನಿಯಪ್ಪ, ಪಟೇಲರ ಎದುರು ತಲೆ ಎತ್ತಿ ನಿಂತವನೇ ಅಲ್ಲ, ಮುಂದೆ ಬಂದು, "ನಾನು ಕಂಡಿವ್ನಿ ಸ್ವಾಮಿ. ಒಂದಪ ಅಲ್ಲ, ಎಷ್ಟೋ ಸಲ" ಎಂದು ಹೆಬ್ಬೆಟ್ಟು ಒತ್ತಿದ. ಅವನ ಹಿಂದೆ ನಾಲ್ವರು ಹೆಂಗಸರು ಬಂದರು.

"ನನ್ನ ಮನೆ ಅನ್ನ ಉಂಡು ಹಿಂಗೆ ಮಾಡ್ಬುಟ್ರಲ್ಲ ಮರಿಯಪ್ಪನೋರೆ" ಎಂದರು ಪಟೇಲರು. ನಿಜ, ಉಂಡಿದ್ದೇನೆ. "ಅದಕ್ಕೇ ತಡವಾಯ್ತು ಪಟೇಲ್ರೆ" ಎಂದೆ.

ಹುಡುಗಿಯನ್ನು ಆಸ್ಪತ್ರೆಗೆ ಕರೆತಂದೆವು. ಮರೆತಿದ್ದೆ, ಲಸಿಕೆ ಚೆನ್ನಾಗಿ ಎದ್ದಿದೆ.

ಜನವರಿ ೧೨, ಗುರುವಾರ

ನಾಗಲಕ್ಷ್ಮಿ ಆಸ್ಪತ್ರೆಯಲ್ಲೇ ಬಿಡಾರ ಹೂಡಿದ್ದಾಳೆ. ನನಗೆ ನಿನ್ನೆಯ ಅನ್ನಕ್ಕೆ ಮಜ್ಜಿಗೆ. ಚಿಕ್ಕಿಗೆ ಇಡ್ಲಿ, ತುಪ್ಪ, ಬೆಲ್ಲ. ಕೊಟ್ಟಷ್ಟನ್ನೂ ತಿನ್ನುತ್ತಾಳೆ, ಒಂದು ಮಾತೂ ಆಡುವುದಿಲ್ಲ. ಗಾಯಕ್ಕೆ ಮುಲಾಮು ಹಚ್ಚಿದರೂ ಅಳುವುದಿಲ್ಲ. "ಅತ್ತಿದ್ರೆ ಚೆನ್ನಾಗಿತ್ತು" ಎಂದು ನಾಗಲಕ್ಷ್ಮಿ ಸೆರಗಿನಿಂದ ಮೂಗೊರೆಸಿಕೊಂಡಳು. ನನಗೂ ಹಾಗೇ ಅನ್ನಿಸಿತು.

ಜನವರಿ ೧೪, ಶನಿವಾರ. ಸಂಕ್ರಾಂತಿ

ಮಧ್ಯಾಹ್ನ ಆಸ್ಪತ್ರೆಯ ಮುಂದೆ ಗಾಡಿಯೊಂದು ಧೂಳೆಬ್ಬಿಸಿಕೊಂಡು ನಿಂತಿತು. ಗಾಡಿ ಹೊಡೆಯುತ್ತಿದ್ದವಳು ಬೋರಮ್ಮ! ಅರವತ್ತರ ಮುದುಕಿ, ಬಾಯಲ್ಲಿ ಎಲೆ ಅಡಿಕೆ, ಕೈಯಲ್ಲಿ ಬಾರುಕೋಲು, ಸೀರೆ ಮೊಣಕಾಲಿಗೆ. ಹುಸೇನ್ ಸಾಹೇಬರಿಂದ ಸುದ್ದಿ ಕೇಳಿ ಮಾಗಡಿಯಿಂದ ಅಕ್ಕೂರಿಗೆ, ಅಲ್ಲಿಂದ ಇಲ್ಲಿಗೆ ತಾನೇ ಹೊಡೆದುಕೊಂಡು ಬಂದಿದ್ದಾಳೆ. ಹಬ್ಬಕ್ಕೆಂದು ಎತ್ತಿನ ಕೊಂಬಿಗೆ ಬಣ್ಣ ಬೇರೆ.

"ಎಲ್ಲವ್ಳೆ ನನ್ ಮಗ್ಳ ಕೂಸು?"

ಚಿಕ್ಕಿ ಗದ್ದಲ ಕೇಳಿ ಮಂಚದ ಕೆಳಗೆ ಸೇರಿದ್ದಳು. ಬೋರಮ್ಮ ಯಾರನ್ನೂ ಕೇಳದೆ ನೆಲಕ್ಕೆ ಮಲಗಿ, ತೆವಳಿ, ತಾನೂ ಮಂಚದ ಕೆಳಗೆ ಹೋದಳು. ಅವಳ ಎರಡು ಪಾದ ಮಾತ್ರ ಹೊರಗೆ ಕಾಣುತ್ತಿತ್ತು. ಒಳಗೆ ಏನು ಹೇಳಿದಳೋ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ಅಳು ಶುರುವಾಯಿತು. ಅಯ್ಯೋ, ಅದೆಂಥ ಅಳು! ಹದಿಮೂರು ವರ್ಷ ಮಕ್ಕಳ ಅಳು ಕೇಳಿದವನು ನಾನು, ಇಂಥದ್ದು ಕೇಳಿಲ್ಲ. ಆಸ್ಪತ್ರೆಯ ಹೆಂಚು ಹಾರೀತು ಎನ್ನುವ ಹಾಗೆ, ಮೂರು ವರ್ಷದ್ದನ್ನೆಲ್ಲ ಸೇರಿಸಿ ಅತ್ತಳು. ನಾಗಲಕ್ಷ್ಮಿ ಅತ್ತಳು, ರೋಶನ್ ಬೀ ಅತ್ತಳು, ಡಾಕ್ಟರು ಕನ್ನಡಕ ಒರೆಸಿದರು. ನಾನು ಹೊರಗೆ ಹೋಗಿ ಎತ್ತುಗಳಿಗೆ ನೀರು ಕುಡಿಸಿದೆ. ಎತ್ತುಗಳಿಗೆ ಬಾಯಾರಿಕೆ ಇರಲಿಲ್ಲ, ನನಗೇ ಅಲ್ಲಿ ನಿಲ್ಲಲಾಗಲಿಲ್ಲ.

ಆಮೇಲೆ ಎಲ್ಲರೂ ಒಟ್ಟಿಗೆ ಕೂತು ಎಳ್ಳು ಬೆಲ್ಲ ತಿಂದೆವು. ಬೋರಮ್ಮ ನನ್ನ ಕೈ ಹಿಡಿದು ಹರಸುತ್ತಾಳೆಂದುಕೊಂಡರೆ, "ಹೋದ ವರ್ಸ ಕಣ್ಣಿರಲಿಲ್ವಾ ಮಗ ನಿಂಗೆ?" ಎಂದಳು. ಹೋದ ವರ್ಷವೂ ನಾನು ಪಟೇಲರ ಮನೆಯಲ್ಲೇ ಉಂಡಿದ್ದೆ.

ಜನವರಿ ೧೭, ಮಂಗಳವಾರ

ಅಮಲ್ದಾರರ ಹುಕುಂ ಬಂತು. ಮಗು ಅಜ್ಜಿಯ ವಶಕ್ಕೆ. ಮೊಕದ್ದಮೆ ಮುಗಿಯುವವರೆಗೆ ಬೈರಪ್ಪನವರಿಗೆ ಪಟೇಲಿಕೆ ಇಲ್ಲ. ಅದರ ಜೊತೆಗೆ ನನಗೊಂದು ಕಾಗದ: ಷರಾ ಕಾಲಮಿನಲ್ಲಿ ಲಸಿಕೆಗೆ ಸಂಬಂಧಪಡದ ವಿಷಯ ಬರೆಯತಕ್ಕದ್ದಲ್ಲ. ಓದಿ ಮುಖ ಸಣ್ಣದಾಯಿತು. ಅಮಲ್ದಾರರೇ ಕರೆದು ಹೇಳಿದರು: "ಅಂಥದ್ದು ಕಂಡರೆ ಬೇರೆ ಕಾಗದದಲ್ಲಿ ಬರೆದು ನನ್ನ ಕೈಗೇ ಕೊಡಿ. ತಿಳೀತೇನ್ರಿ?" ತಿಳಿಯಿತು. ಬರುವಾಗ ಒಂದು ದಸ್ತು ಕಾಗದ ಕೊಂಡು ತಂದೆ.

ಜನವರಿ ೨೪, ಮಂಗಳವಾರ. ಅಕ್ಕೂರು

ಉಳಿದ ಮಕ್ಕಳ ತೋಳು ನೋಡಲು ಹೆದರಿಕೊಂಡೇ ಹೋದೆ, ಬಾಗಿಲು ಮುಚ್ಚುತ್ತಾರೆಂದು. ಎಲ್ಲರೂ ಬಂದರು. ತಿಮ್ಮಿಯ ಹಕ್ಕಳೆ ಉದುರಿದೆ. ಸಣ್ಣಮಾದನಿಗೆ ಹೊಸ ಹಲ್ಲು ಬಂದಿದೆ, ಅದರಿಂದಲೇ ನನ್ನ ಬೆರಳು ಕಚ್ಚಿ ತೋರಿಸಿದ. ಕೆಂಚನ ಮೊಣಕೈ ತರಚಿತ್ತು. ಮರದಿಂದ ಬಿದ್ದನಂತೆ. ಮರ ತೋರಿಸು ಎಂದೆ, ಕರೆದುಕೊಂಡು ಹೋಗಿ ತೋರಿಸಿದ. ಹೌದು, ಕೊಂಬೆ ಮುರಿದಿದೆ. ಊಟ ದೊಡ್ಡಮುನಿಯಪ್ಪನ ಮನೆಯಿಂದ ಬಂತು. ಅವನ ಕೈಯ ಹುರುಳಿಸಾರನ್ನು ಹದಿಮೂರು ವರ್ಷದಲ್ಲಿ ಒಮ್ಮೆಯೂ ಉಂಡಿರಲಿಲ್ಲ. ಕೇರಿಯ ಬೇವಿನ ಮರದ ಕೆಳಗೆ ಕೂತು ಉಂಡೆ. ಬಹಳ ಚೆನ್ನಾಗಿತ್ತು.

ಜನವರಿ ೨೯, ಭಾನುವಾರ. ಮಾಗಡಿ

ಚಿಕ್ಕಿಯ ಹಕ್ಕಳೆ ಉದುರಿತೇ ನೋಡಬೇಕೆಂದು ಬಂದೆ. ಮಾಗಡಿ ನನ್ನ ತಾಲ್ಲೂಕಲ್ಲ, ನೋಡಬೇಕೆಂದು ಯಾವ ಕಾಯಿದೆಯೂ ಹೇಳಿಲ್ಲ. ಕ್ಲೋಸ್‌ಪೇಟೆಯವರೆಗೆ ರೈಲು, ಅಲ್ಲಿಂದ ಯಾರದೋ ಗಾಡಿ. ನಾಗಲಕ್ಷ್ಮಿ ಚಕ್ಕುಲಿಯ ಗಂಟು ಹೊರಿಸಿದ್ದಾಳೆ. ದಾರಿಯಲ್ಲಿ ಆರು ಚಕ್ಕುಲಿ ಹೇಗೋ ಕಡಿಮೆಯಾದವು.

ಹುಡುಗಿಯ ಗುರುತೇ ಸಿಗಲಿಲ್ಲ. ಕೆನ್ನೆ ತುಂಬಿದೆ, ತಲೆಗೆ ಎಣ್ಣೆ, ಎರಡು ಜಡೆ. ಹಕ್ಕಳೆ ಉದುರಿ ಗುಂಡಗೆ ಕಲೆ ಬಿದ್ದಿದೆ. ಬೀದಿಯ ಮಕ್ಕಳಿಗೆಲ್ಲ ಅದನ್ನು ತೋರಿಸಿ ಜಂಬ ಕೊಚ್ಚಿದ್ದಾಳಂತೆ. ಬಾಯಿ ಎಂದರೆ ಬಾಯಿ! ಬಂದಾಗಿನಿಂದ ಒಂದು ಗಳಿಗೆ ಸುಮ್ಮನಿಲ್ಲ. ಎತ್ತಿನ ಹೆಸರು, ಕೋಳಿಯ ಹೆಸರು, ಅಜ್ಜಿ ಗೊರಕೆ ಹೊಡೆಯುವ ರೀತಿ, ಎಲ್ಲ ಹೇಳಿಯಾಯಿತು.

ಊಟಕ್ಕೆ ಕೋಳಿಸಾರು. ಬೋರಮ್ಮ ನನಗೆ ಒಳ್ಳೆಯ ತುಂಡುಗಳನ್ನೇ ಆರಿಸಿ ಬಡಿಸಿದಳು. ಚಿಕ್ಕಿ ನನ್ನ ಪಕ್ಕದಲ್ಲೇ ಕೂತಳು. ನಾನು ಮುದ್ದೆ ಮುರಿಯುತ್ತಿದ್ದ ಹಾಗೆ ಪಕ್ಕದಿಂದ ಒಂದು ಕೈ ಬಂದು ನನ್ನ ತಟ್ಟೆಯ ದೊಡ್ಡ ತುಂಡನ್ನು ಎತ್ತಿಕೊಂಡಿತು.

"ಏಯ್, ನೆಂಟ್ರ ತಟ್ಟೆಗೆ ಕೈ ಹಾಕ್ತಿಯಾ! ಚರ್ಮ ಸುಲಿತೀನಿ ತಾಳು!" ಎಂದು ಬೋರಮ್ಮ ಒಲೆಯ ಮೇಲಿನ ಗಡಿಗೆಯಿಂದ ಹಬೆಯಾಡುವ ಸೌಟನ್ನು ಎತ್ತಿದಳು.

ನಾನು ತಟ್ಟೆ ಬಿಟ್ಟು ಅರ್ಧ ಎದ್ದೇಬಿಟ್ಟಿದ್ದೆ.

ಹುಡುಗಿ ಇಷ್ಟುದ್ದ ನಾಲಿಗೆ ಚಾಚಿದಳು. "ಮೊದ್ಲು ನನ್ನ ಹಿಡಿ ಕಣಜ್ಜಿ!" ಎಂದವಳೇ ತುಂಡನ್ನು ಬಾಯಿಗೆ ತುರುಕಿಕೊಂಡು ಅಂಗಳಕ್ಕೆ ಓಡಿದಳು. ಹಿಂದೆ ಬೋರಮ್ಮ, ಕೈಯ ಸೌಟಿನಿಂದ ದಾರಿಯುದ್ದಕ್ಕೂ ಸಾರು ಸುರಿಸುತ್ತ. ಇಬ್ಬರಿಗೂ ನಗು ಉಕ್ಕಿ, ಒಬ್ಬರಿಗೂ ನೆಟ್ಟಗೆ ಓಡಲಾಗುತ್ತಿರಲಿಲ್ಲ.

ನನ್ನ ತಟ್ಟೆಯಲ್ಲಿ ಬರೀ ಮುದ್ದೆ ಉಳಿದಿತ್ತು. ಕಣ್ಣೊರೆಸಿಕೊಂಡು ಅದನ್ನೇ ಉಂಡೆ.